ಆಪರೇಷನ್ ಕೋಣೆಯ ಬಾಗಿಲು

ಬಾಗಲಕೋಟೆಯ ಚಿತ್ರಪ್ರದರ್ಶನದಲ್ಲಿ ಪ್ರತಿ ಕಲಾವಿದನೂ ತನ್ನ ಚಿತ್ರದ ಪಕ್ಕ ನಿಂತು ಅದರ ಅರ್ಥ ಹೇಳಬೇಕಿತ್ತು. ನಾಲ್ಕು ಜನರ ಮುಂದೆ ಮಾತಾಡುವುದೆಂದರೆ ನನಗೆ ಆಗದ ಕೆಲಸ. ನನ್ನದು ಒಂದು ಮುಚ್ಚಿದ ಬಾಗಿಲಿನ ಚಿತ್ರ.

"ಅವ್ವನ ಹಾರ್ಟ್ ಆಪರೇಷನ್ ನಡದಾಗ ನಾ ಈ ಬಾಗ್ಲದ ಹೊರಗ ಕುಂತಿದ್ನಿ," ಎಂದು ಹೇಗೋ ಹೇಳಿದೆ.

ಹಿಂದಿನಿಂದ ಒಬ್ಬ ಹೆಣ್ಣುಮಗಳು ಎದ್ದು ನಿಂತರು. "ನಿಮ್ಮವ್ವಾರು ಹೊರಗ ಬಂದ್ರೇನ್ರಿ?"

"ಬಂದಾಳ್ರಿ. ಮನ್ಯಾಗ ಆರಾಮ ಅದಾಳ."

"ಖರೇನ? ನಾಳೆ ನಮ್ಮ ಮನಿಯವ್ರನ್ನ ಒಳಗ ಒಯ್ತಾರ್ರಿ. ಆ ಬಾಗ್ಲಾ ನೋಡಿ ಎದಿ ಧಸಕ್ ಅಂತು."

ಬಣ್ಣಗಳ ಬಗ್ಗೆ ಬಾಯಿಪಾಠ ಮಾಡಿಕೊಂಡಿದ್ದೆಲ್ಲ ನನಗೆ ಮರೆತುಹೋಯಿತು. ಏನು ಹೇಳಿದರೆ ಏನಾದೀತೋ ಎಂದು ಹೆದರಿ, ಅವ್ವನಿಗೇ ಫೋನ್ ಹಚ್ಚಿ ಆ ಹೆಣ್ಣುಮಗಳ ಕೈಗೆ ಕೊಟ್ಟೆ. ಅವರು ಮೂಲೆಗೆ ಹೋಗಿ ಭಾಳ ಹೊತ್ತು ಮಾತಾಡಿದರು. ನಡುವೆ ಅತ್ತರು, ಕೊನೆಗೆ ನಕ್ಕರು. "ನಾಳೆ ನಾಷ್ಟಾ ಮಾಡಿ ಹೋಗಿ ಬಾಗ್ಲದ ಹೊರಗ ಕುಂಡ್ರು ಅಂದ್ರು ನಿಮ್ಮವ್ವಾರು," ಎಂದು ಅವ್ವನ ನಂಬರ್ ಬರೆದುಕೊಂಡು ಫೋನ್ ಮರಳಿಸಿದರು.

ಮರುದಿನ ನನಗೂ ಊಟ ಸೇರಲಿಲ್ಲ. ಸಂಜೆ ಆ ಹೆಣ್ಣುಮಗಳು ಅವ್ವನಿಗೆ ಫೋನ್ ಮಾಡಿದರು. ಗಂಡ ಕಣ್ಣು ತೆರೆದು ಚಹಾ ಕೇಳಿದ್ದರಂತೆ.

ಫೋನಿಟ್ಟ ಅವ್ವ ನನ್ನತ್ತ ತಿರುಗಿದಳು. "ಬಾಗ್ಲದ ಚಿತ್ರಾ ತಗದಿಯಂತ. ಒಳಗ ಮಲಗಿದ್ದ ನನ್ನ ಯಾಕ ತಗೀಲಿಲ್ಲೋ?"