ಬಡೇಸೋಪಿನ ತಟ್ಟೆಯ ಎಂಟಾಣೆ

ನಿಪ್ಪಾಣಿಯ ಆ ವೇಟರ್ ಕೆಟ್ಟವನಲ್ಲ, ನನಗೇ ತಿಳಿವಳಿಕೆ ಇರಲಿಲ್ಲ. ನಡೆದದ್ದು ಇಷ್ಟೇ. ಮಕ್ಕಳು ಇವತ್ತಿಗೂ ಅವನನ್ನು ಬೈಯುತ್ತಾರೆ. ಬೈಯಲಿ. ಅಲ್ಲಿ ಇದ್ದವಳು ನಾನು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಯಜಮಾನರಿಗೆ ಮೂತ್ರದ ದಾರಿಯಲ್ಲಿ ಕಲ್ಲು ಸಿಕ್ಕಿಕೊಂಡು ಜ್ವರ ಏರಿತ್ತು. ರಾಯಬಾಗದ ಕಡೆಯ ನಮ್ಮ ಹಳ್ಳಿಯಿಂದ ನಿಪ್ಪಾಣಿಯ ಒಂದು ಖಾಸಗಿ ದವಾಖಾನೆಗೆ ತಂದು ಹಾಕಿದೆ. ಆಪರೇಶನ್ ಮಾಡುವ ದೊಡ್ಡ ಡಾಕ್ಟರು ಬೆಳಗಾವಿಯಿಂದ ಗುರುವಾರ ಮಾತ್ರ ಬರುತ್ತಿದ್ದರು. ಅವರು ಬಂದಾಗ ನಾನು ಕಾಗದಕ್ಕೆ ಸಹಿ ಹಾಕಬೇಕು, ಹಾಕದಿದ್ದರೆ ಚಾಕು ಮುಟ್ಟುವುದಿಲ್ಲ. ಈ ವಾರ ತಪ್ಪಿದರೆ ಕಿಡ್ನಿ ಹೋಗುತ್ತದೆ, ಮನುಷ್ಯನೂ ಹೋಗಬಹುದು ಎಂದು ಅಲ್ಲಿಯ ಡಾಕ್ಟರು ಮುಖಕ್ಕೆ ಹೇಳಿದ್ದರು.

ಗಂಡಸರ ವಾರ್ಡಿನಲ್ಲಿ ಹೆಂಗಸರು ಕೂಡ್ರುವಂತಿರಲಿಲ್ಲ, ಹೊರಗೆ ಕೂಡ್ರಲು ಜಾಗವೂ ಇರಲಿಲ್ಲ. ಎದುರಿನ ಲಾಡ್ಜಿನ ಮೂರನೆಯ ಮಾಳಿಗೆಯಲ್ಲಿ ಕೋಣೆ ಹಿಡಿದೆ. ಕೆಳಗೆ ಹೋಟೆಲು, ಮಾಲಕನ ಟೇಬಲ್ ಮೇಲೆ ಫೋನು. ದೊಡ್ಡ ಡಾಕ್ಟರು ಬಂದ ಕೂಡಲೆ ಫೋನ್ ಮಾಡುತ್ತೇವೆ, ಓಡಿ ಬರ್ರಿ ಎಂದು ದವಾಖಾನೆಯವರು ಹೇಳಿ ಇಟ್ಟಿದ್ದರು.

ವೇಟರ್ ಕುಡಚಿಯವನು, ನಲವತ್ತರ ಮನುಷ್ಯ. ಯಜಮಾನರಿಗೆಂದು ಬಿಸಿನೀರು, ಗಂಜಿ ದಿನಕ್ಕೆ ಮೂರು ಸಲ ಮೇಲೆ ತಂದು ಕೊಡುತ್ತಿದ್ದ, ನಾನು ವಾರ್ಡಿಗೆ ಒಯ್ದು ಕೊಟ್ಟು ಬರುತ್ತಿದ್ದೆ. ಫೋನ್ ಬಂದರೆ ಮೇಲೆ ಬಂದು ಹೇಳಬೇಕಾದವನೂ ಅವನೇ. ನಾನು ಅವನಿಗೆ ಒಂದು ಪೈಸೆ ಕೊಡಲಿಲ್ಲ. ಜುಗ್ಗತನದಿಂದ ಅಲ್ಲ. ನಮ್ಮ ಊರಲ್ಲಿ ಬಡಿಗ, ಕಮ್ಮಾರ ವರ್ಷವೆಲ್ಲ ದುಡಿಯುತ್ತಾರೆ, ಅವತ್ತಿನ ದುಡ್ಡು ಅವತ್ತೇ ಕೇಳುವುದಿಲ್ಲ. ಸುಗ್ಗಿಯಲ್ಲಿ ರಾಶಿಯಾದ ಮೇಲೆ ಕಣದಲ್ಲೇ ಅವರವರ ವರ್ಷದ ಪಾಲು, ಆಯದ ಜೋಳ, ಅಳೆದು ಹಾಕುತ್ತೇವೆ. ನಾನು ಹಾಕಿದ ಬುಟ್ಟಿ ತುಂಬಿ ಚೆಲ್ಲುತ್ತಿತ್ತು, ಬೇಕಾದವರನ್ನು ಕೇಳಿ. ದುಡಿದವನ ಕೈಗೆ ಚಿಲ್ಲರೆ ತುರುಕಿದರೆ ಭಿಕ್ಷೆ ಹಾಕಿದಂತೆ ಎಂದು ನಮ್ಮ ಅತ್ತೆ ಕಲಿಸಿದ್ದರು. ಸುಗ್ಗಿಗೆ ಇವನಿಗೂ ಎರಡು ಬುಟ್ಟಿ ಜೋಳ ಕಳಿಸಬೇಕು ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿದ್ದೆ. ಅವನಿಗೆ ಹೇಳಿರಲಿಲ್ಲ.

ಮೇಲಾಗಿ ಬಿಲ್ಲಿನ ಕೆಳಗೆ ಒಂದು ಸಾಲು ಇತ್ತು. ನನ್ನದು ಎರಡನೆಯ ಇಯತ್ತೆಯ ಓದು, ಅಕ್ಷರ ಕೂಡಿಸಿ ಓದಿದೆ: ಸರ್ವಿಸ್ ಚಾರ್ಜ್. ಇದೇನು ಎಂದು ಮಾಲಕನನ್ನು ಕೇಳಿದರೆ, "ನಿಮ್ಮ ಸೇವಾ ಮಾಡತಾರಲ್ರಿ, ಅದರ ಪಾಲರಿ" ಅಂದ. ಸೇವೆ ಮಾಡಿದವನಿಗೇ ಮುಟ್ಟಿತು ಎಂದುಕೊಂಡೆ. ತಂಬಾಕಿನ ವ್ಯಾಪಾರಿಗಳು ಊಟ ಮುಗಿಸಿ ಬಡೇಸೋಪಿನ ತಟ್ಟೆಯಲ್ಲಿ ಎಂಟಾಣೆ ಇಟ್ಟು ಹೋಗುವುದನ್ನು ದಿನಾ ನೋಡುತ್ತಿದ್ದೆ. ಅದು ಬಡೇಸೋಪು ತಿಂದದ್ದಕ್ಕೆ ಕೊಡುವ ರೊಕ್ಕ ಅಂತ ತಿಳಿದು ನಾನು ಅದನ್ನು ಬಾಯಿಗೇ ಹಾಕುತ್ತಿರಲಿಲ್ಲ.

ನಾಲ್ಕನೆಯ ದಿನ ನೀರು ಉಗುರುಬೆಚ್ಚಗೆ ಬಂತು.

"ಇದೇನ ನೀರೋ ತಮ್ಮಾ? ನಮ್ಮ ಎಮ್ಮಿಗೆ ಇಡೂ ನೀರು ಇದಕ್ಕಿಂತ ಬಿಸಿ ಇರತೈತಿ."

"ಎಮ್ಮಿ ಹಾಲರ ಕೊಡತೈತ್ರಿ ಅಕ್ಕಾರ" ಅಂದ.

ಚೇಷ್ಟೆಯ ಮನುಷ್ಯ ಎಂದು ನಕ್ಕುಬಿಟ್ಟೆ.

ಗುರುವಾರ ಬೆಳಗಿನಿಂದ ಬಾಗಿಲು ತೆರೆದುಕೊಂಡು ಕೂತೆ. ಮಧ್ಯಾಹ್ನ ಕೆಳಗೆ ಊಟದ ಗದ್ದಲ. ಅದು ಇಳಿದ ಮೇಲೆ ವೇಟರ್ ಕೈ ಒರೆಸಿಕೊಳ್ಳುತ್ತ ಬಂದ.

"ಅಕ್ಕಾರ, ದವಾಖಾನಿಂದ ಫೋನ್ ಬಂದಿತ್ರಿ."

"ಯಾವಾಗ?"

"ಆಗಳೇ ಬಂದಿತ್ತು."

ಬರಿಗಾಲಲ್ಲಿ ಓಡಿದೆ. ದೊಡ್ಡ ಡಾಕ್ಟರ ಕಾರು ಹೋಗಿತ್ತು. "ಒಂದ್ ತಾಸು ದಾರಿ ನೋಡಿದ್ರು, ಇನ್ನ ಮುಂದಿನ ಗುರುವಾರನ" ಎಂದು ನರ್ಸು ಹೇಳಿ ತನ್ನ ಕೆಲಸಕ್ಕೆ ಹೋದಳು. ವಾರ್ಡಿನಲ್ಲಿ ಯಜಮಾನರ ಮೈ ಹಂಚಿನಂತೆ ಸುಡುತ್ತಿತ್ತು. ತುಟಿ ಒಡೆದಿತ್ತು. "ಸಹಿ ಮಾಡಿದ್ಯಾ?" ಎಂದು ಕೇಳಿದರು.

"ಮಾಡೇನಿ" ಅಂದೆ.

ಅವರಿಗೆ ನಾನು ಹೇಳಿದ ದೊಡ್ಡ ಸುಳ್ಳು ಅದೊಂದೇ. ಮುಂದಿನ ಗುರುವಾರ ಈ ಮನುಷ್ಯ ಇರುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಹೊರಗೆ ಬಂದು ಗೋಡೆಗೆ ಕೈ ಊರಿ ನಿಂತೆ.

ಹೋಟೆಲಿಗೆ ಬಂದು ನಾಲ್ಕು ಜನರ ಮುಂದೆ ಅವನ ಅಂಗಿಯ ಕೊರಳಪಟ್ಟಿ ಹಿಡಿದೆ. "ನನ್ನ ಗಂಡನ್ನ ಕೊಂದ್ಯಲ್ಲೋ. ಒಂದ್ ಮಾತ ಮ್ಯಾಲೆ ಬಂದ ಹೇಳಾಕ ನಿನ್ನ ಕಾಲ ಸವೀತಿದ್ವೇನು?"

ಅವನು ಬಿಡಿಸಿಕೊಳ್ಳಲಿಲ್ಲ. "ಕೊಡಾವ್ರ ಟೇಬಲ್ಲಿಗೆ ಮೊದಲ ಓಡತೇನ್ರಿ ಅಕ್ಕಾರ. ಸುಳ್ಳ್ಯಾಕ ಹೇಳ್ಲಿ. ಆಮ್ಯಾಲೆ ಹೇಳಿದ್ರಾತು ಅಂತ ತಿಳಕೊಂಡೆ. ಡಾಕ್ಟರ್ ಹೋಗತಾರಂತ ನನಗೇನ ಗೊತ್ತರಿ?"

"ಬಿಲ್ಲಿನ್ಯಾಗ ನಿನ್ನ ಪಾಲ ದಿನಾ ಕೊಟ್ಟೇನಲ್ಲ!"

ಊಟಕ್ಕೆ ಕೂತವರೆಲ್ಲ ನಕ್ಕರು. "ಅದು ಮಾಲಕರ ಪೆಟಗೀಗೆ ಹೋಗತೈತ್ರಿ. ನಮಗ ತಟ್ಟ್ಯಾಗ ಬಿದ್ದದ್ದ ಅಷ್ಟ" ಅಂದ ವೇಟರ್.

"ಸುಗ್ಗಿಗೆ ನಿನಗ ಎರಡ ಬುಟ್ಟಿ ಜ್ವಾಳಾ ಕೊಡಾಕಿ ಇದ್ನೋ."

"ಸುಗ್ಗೀತನಕ ನಾ ಇಲ್ಲೇ ಇರತೇನೇನ್ರಿ? ಮಾಲಕ ನಾಳೆ ಬ್ಯಾಡಂದ್ರ ನಾಳೆನ ಹೋಗಾಂವ."

ನನ್ನ ಕೈ ತಾನಾಗಿ ಸಡಿಲಾಯಿತು. ಅವನು ಕೊರಳಪಟ್ಟಿ ಸರಿ ಮಾಡಿಕೊಂಡು ದನಿ ತಗ್ಗಿಸಿದ.

"ದೊಡ್ಡ ಡಾಕ್ಟರು ನಾಳೆ ಚಿಕ್ಕೋಡಿಗೆ ಬರತಾರ್ರಿ. ಶುಕ್ರವಾರ ಅಲ್ಲೇ ಕೊಯ್ಯೂದು. ಅವರ ಡ್ರೈವರ್ ಉಣ್ಣೂದು ನನ್ನ ಟೇಬಲ್ಲಿನ್ಯಾಗ."

"ಇದನ್ನ ಮೊದಲ್ಯಾಕ ಹೇಳಲಿಲ್ಲ?"

"ನೀವೆಲ್ಲಿ ಕೇಳಿದ್ರಿ? ಬಂದ ಕೂಡ್ಲೆ ಕೊರಳ ಹಿಡದ್ರಿ."

ಮರುದಿನ ಬೆಳಗಾಗುತ್ತಲೇ ಮೊದಲು ಅವನ ಕೈಗೆ ಐದು ರೂಪಾಯಿ ಇಟ್ಟೆ, ಆಮೇಲೆ ಕೆಲಸ ಹೇಳಿದೆ. ದವಾಖಾನೆಯವರು ಬೇಡವೆಂದರೂ ಕೇಳಲಿಲ್ಲ. ಯಜಮಾನರನ್ನು ಕಂಬಳಿಯಲ್ಲಿ ಮಲಗಿಸಿ, ಒಂದು ತುದಿ ಅವನು, ಒಂದು ತುದಿ ನಾನು ಹಿಡಿದು ಟೆಂಪೋಗೆ ಏರಿಸಿದೆವು. ಚಿಕ್ಕೋಡಿಯ ದವಾಖಾನೆಯ ಗೇಟು ಇನ್ನೂ ಅರ್ಧ ಮುಚ್ಚಿತ್ತು. ದೊಡ್ಡ ಡಾಕ್ಟರ ಕಾರು ಬಂದಾಗ ನಾನು ಗೇಟಿನ ನಟ್ಟನಡುವೆ ನಿಂತಿದ್ದೆ. ಡ್ರೈವರ್ ಹಾರ್ನ್ ಹೊಡೆದ. ಸರಿಯಲಿಲ್ಲ. ಮತ್ತೆ ಹೊಡೆದ. ಡಾಕ್ಟರು ಕಿಟಕಿಯಿಂದ ತಲೆ ಹಾಕಿ, "ಏನ್ಬೇಕವ್ವಾ?" ಎಂದರು.

"ಕಾಗದ ತರಸ್ರಿ, ಸಹಿ ಮಾಡತೇನಿ" ಅಂದೆ.