ನಲವತ್ತೊಂದು ಹೂಂ

ನಾನು ಫೋನಿನಲ್ಲಿ ‘ಹೂಂ’ ಎನ್ನುವ ರೀತಿ ನನ್ನ ಹೆಂಡತಿಗೆ ಸರಿಬರುವುದಿಲ್ಲ. ಸವದತ್ತಿಯ ತವರಿಗೆ ಹೋದಾಗಲೆಲ್ಲ ಅವಳು ಅರ್ಧ ತಾಸು ಸುದ್ದಿ ಹೇಳಿ, ಕೊನೆಗೆ ಸಂಶಯ ಬಂದು, ಈಗ ತಾನು ಹೇಳಿದ್ದೇನೆಂದು ಪರೀಕ್ಷೆ ಒಡ್ಡುತ್ತಾಳೆ. ಇಪ್ಪತ್ತೆಂಟು ವರ್ಷ ಬೈಲಹೊಂಗಲದ ಕಾಲೇಜಿನಲ್ಲಿ ಅನ್ಯರಿಗೆ ಪರೀಕ್ಷೆ ಒಡ್ಡಿದ ನಾನು ಮತ್ತೊಮ್ಮೆ ‘ಹೂಂ’ ಎಂದು ಉತ್ತರಿಸಿ ಸಗೌರವವಾಗಿ ಅನುತ್ತೀರ್ಣನಾಗುತ್ತೇನೆ.

ಆದರೆ ಓದುಗ ಮಿತ್ರರೇ, ಈ ಅಪರಾಧದಲ್ಲಿ ನಾನು ಒಂಟಿಯಲ್ಲ. ನಮ್ಮ ಕಡೆ ಒಬ್ಬರು ಮಾತಾಡುತ್ತಿದ್ದರೆ ಎದುರು ಕುಳಿತವರು ವಾಕ್ಯಕ್ಕೊಮ್ಮೆ ಹೂಂಗುಟ್ಟಲೇಬೇಕು. ಅದು ಸಮ್ಮತಿಯಲ್ಲ, ಪ್ರಶಂಸೆಯಲ್ಲ, ಬರಿಯ ಹಾಜರಿ. ಹೂಂ ನಿಂತರೆ ಮಾತೂ ನಿಲ್ಲುತ್ತದೆ. ಇಂಥ ಸರ್ವಮಾನ್ಯ ಸೌಜನ್ಯವೂ ತಾಂತ್ರಿಕ ದೋಷವಾಗಬಲ್ಲದೆಂದು ನನಗೆ ಕಲಿಸಿದವಳು ರೇಣುಕಾ ಎಂಬ ನನ್ನ ವಿದ್ಯಾರ್ಥಿನಿ.

ಹೋದ ವರ್ಷ ನಮ್ಮ ಪದವಿ ತರಗತಿಯ ಐವರು ಸೇರಿ, ವಿದ್ಯಾರ್ಥಿಗಳ ಸ್ಪರ್ಧೆಯೊಂದಕ್ಕಾಗಿ ಕಿರುಚಿತ್ರ ಮಾಡಲು ಹೊರಟರು. ಸಿನಿಮಾದ ಕುರಿತ ನನ್ನ ಜ್ಞಾನ ಮಧ್ಯಂತರದ ಶೇಂಗಾಕ್ಕೆ ಸೀಮಿತವಾಗಿದ್ದರೂ ‘ಮಾರ್ಗದರ್ಶಕ’ ಎಂಬ ಸಾಲಿನ ಮುಂದೆ ಬರೆಯಲು ಅವರಿಗೊಂದು ಹೆಸರು ಬೇಕಿತ್ತು, ಸ್ಟಾಫ್ ರೂಮಿನಲ್ಲಿ ಆ ಹೊತ್ತಿಗೆ ನಾನೊಬ್ಬನೇ ಇದ್ದೆ. ವಿಷಯ ಕೌದಿ: ಹಳೆಯ ಸೀರೆ, ಧೋತರಗಳ ತುಂಡು ಕೂಡಿಸಿ ಹೊಲಿಯುವ ನಮ್ಮ ಮನೆಮನೆಯ ಹೊದಿಕೆ. ಹೊಲಿಯುವವಳು ಹೂಲಿಯ ಗಂಗವ್ವ, ರೇಣುಕಾಳ ದೊಡ್ಡವ್ವ, ಎಂದರೆ ತಾಯಿಯ ಅಕ್ಕ. ರೇಣುಕಾಗೆ ಎರಡು ವರ್ಷವಿದ್ದಾಗ ತಾಯಿ ತೀರಿಕೊಂಡಳು. ಅಂದಿನಿಂದ ಸಾಕಿದವಳು ಗಂಗವ್ವ. ಸಾಕಿದಳೇ ಹೊರತು, ತಂಗಿಯ ವಿಷಯದಲ್ಲಿ ಒಂದು ದಿನವೂ ಬಾಯಿ ಬಿಟ್ಟವಳಲ್ಲ. ಈಗ ಮಾತ್ರ, ಟ್ರಂಕಿನಲ್ಲಿದ್ದ ತಂಗಿಯ ಹಸಿರು ಇಳಕಲ್ ಸೀರೆಯನ್ನು ಕತ್ತರಿಸಿ ಕೌದಿಗೆ ಹಾಕುವುದಾಗಿಯೂ, ಹಾಕುವಾಗ ಅವಳ ಮಾತು ಹೇಳುವುದಾಗಿಯೂ ಒಪ್ಪಿದ್ದಳು. ರೇಣುಕಾ ನಿರ್ದೇಶನ ಒಲ್ಲೆನೆಂದು, ಯಾರಿಗೂ ಬೇಡವಾದ ಧ್ವನಿಯ ಕೆಲಸ ಕೇಳಿ ಪಡೆದು ಕಿವಿಗೆ ಹೆಡ್‌ಫೋನ್ ಏರಿಸಿದಾಗ, ಪಾಪ, ಸಂಕೋಚದ ಹುಡುಗಿ ಎಂದುಕೊಂಡೆ. ದೀರ್ಘಕಾಲದ ಅಧ್ಯಾಪನದಿಂದ ನನಗೆ ಲಭಿಸಿದ ಒಳನೋಟ ಅಷ್ಟೇ ಆಗಿತ್ತು.

ಮೊದಲ ದಿನ ಗಂಗವ್ವನ ಮನೆಯಲ್ಲಿ ಎಲ್ಲರೂ ಏನಾದರೊಂದು ಕಲಿತರು. ನಿರ್ದೇಶಕ ಅಪ್ಪಣೆ ಕೊಡುವ ಬದಲು ಕೇಳಿಕೊಳ್ಳುವುದನ್ನು ಕಲಿತ. ಕ್ಯಾಮೆರಾದವನು ಅಂಗಳದಲ್ಲಿ ಒಣಹಾಕಿದ ಜೋಳ ತುಳಿಯದೆ ಹಿಂದೆ ಸರಿಯುವುದನ್ನು ಕಲಿತ. ಹಾಡು ಹಚ್ಚಿಕೊಂಡು ಬರುವ ಕಬ್ಬಿನ ಟ್ರ್ಯಾಕ್ಟರು ಎಷ್ಟು ದೂರ ಹೋದ ಮೇಲೆ ಊರು ಸುಮ್ಮನಾಗುತ್ತದೆಂಬ ಲೆಕ್ಕ ಇಡೀ ತಂಡಕ್ಕೆ ಬಂತು. ನಾನು ಹಿರಿಯನಾದ್ದರಿಂದ ಮೈಕಿನ ಪಕ್ಕದ ಏಕೈಕ ಕುರ್ಚಿಯಲ್ಲಿ ಕುಳಿತು ಏನನ್ನೂ ಕಲಿಯಲಿಲ್ಲ. ಗಂಗವ್ವ ಮಾವನ ಧೋತರದ ತುಂಡು, ಅತ್ತೆಯ ಕುಪ್ಪಸದ ತುಂಡು ಎಂದು ಒಂದೊಂದರ ಚರಿತ್ರೆ ಹೇಳುತ್ತ ಹೊಲಿದಳು. ಸಂಜೆ ಕಾಲೇಜಿನಲ್ಲಿ ಧ್ವನಿ ಹಚ್ಚಿ ಕೇಳಿದರೆ, ಅವಳ ಪ್ರತಿ ವಾಕ್ಯದ ಬಾಲವನ್ನೂ ಒಂದು ಗಡಸು ಹೂಂಕಾರ ನುಂಗಿಹಾಕಿತ್ತು. ಯಾವ ಕೋಣದ್ದು ಎಂದು ನಾನು ಕೇಳಬೇಕೆನ್ನುವಷ್ಟರಲ್ಲಿ ಹುಡುಗರೆಲ್ಲ ನೆಲ ನೋಡಲಾರಂಭಿಸಿದರು.

ರೇಣುಕಾ ಮಾತ್ರ ನನ್ನ ಮುಖ ನೋಡಿಯೇ ಹೇಳಿದಳು: “ಸರ, ನಲವತ್ತೊಂದ ಸಲ ಹೂಂ ಅಂದೀರಿ. ನಾಳೆ ನಮ್ಮವ್ವನ ಮಾತು ಬರತೈತಿ. ಆವಾಗ ಸುಮ್ನ ಇರಬೇಕ್ರಿ.”

ಮರುದಿನ ನಾನು ಬಾಯಲ್ಲೊಂದು ದೊಡ್ಡ ಪೆಪ್ಪರಮಿಂಟು ಇಟ್ಟುಕೊಂಡು, ಕುರ್ಚಿಯನ್ನು ಬಾಗಿಲ ತನಕ ಹಿಂದೆ ಸರಿಸಿ ಕುಳಿತೆ. ಹುಡುಗರೂ ಉಸಿರು ಬಿಗಿಹಿಡಿದಿದ್ದರು. ಗಂಗವ್ವ ಹಸಿರು ಸೀರೆಯನ್ನು ತೊಡೆಯ ಮೇಲೆ ಹಾಸಿ, ಇದು ತನ್ನ ತಂಗಿಯದೆಂದಳು. ಯಾರೂ ಮಾತಾಡಲಿಲ್ಲ. ಕೊನೆಯ ಸಲ ದವಾಖಾನೆಗೆ ಹೋಗುವ ದಿನ ಮೊದಲಿಗೆ ಇದನ್ನೇ ಉಟ್ಟಿದ್ದಳೆಂದಳು. ಮತ್ತೆ ಮೌನ. ತಾಂತ್ರಿಕವಾಗಿ ಅದು ಅತ್ಯುತ್ತಮ ಮೌನ. ಅವಳು ತಲೆಯೆತ್ತಿ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ, ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

“ಯಾರೂ ಹೂಂ ಅನ್ನಾಕತ್ತಿಲ್ಲ,” ಎಂದಳು. “ಕೇಳಾವ್ರ ಇಲ್ಲದ ಮಾತು ಯಾಕ ಹೇಳಬೇಕು? ಸಾಕ ಬಿಡ್ರಿ.”

ಅವಳು ಸೀರೆಯನ್ನು ಮಡಚತೊಡಗಿದಳು. ನಾಲ್ಕು ಮಡಿಕೆಯಾದರೆ ಅದು ಟ್ರಂಕಿಗೆ ಹೋಗುತ್ತದೆ, ಮತ್ತೆ ಹೊರಗೆ ಬರುವುದಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಿರ್ದೇಶಕ ನನ್ನನ್ನು ನೋಡಿದ. ಜೀವಮಾನದಲ್ಲಿ ಮೊದಲ ಬಾರಿಗೆ ನನ್ನ ಹೂಂ ಬೇಕಾಗಿತ್ತು, ಅದು ಪೆಪ್ಪರಮಿಂಟಿನ ಹಿಂದೆ ಸಿಕ್ಕಿಕೊಂಡಿತ್ತು. ಮೂರನೆಯ ಮಡಿಕೆ ಆಗುವಾಗ, ಮೈಕಿನ ಕೋಲು ಹಿಡಿದು ಗೋಡೆಗೆ ಒರಗಿ ನಿಂತಿದ್ದ ರೇಣುಕಾ ಒಂದು ಕೈಯಿಂದ ಹೆಡ್‌ಫೋನನ್ನು ಕೊರಳಿಗಿಳಿಸಿ, “ಹೂಂ,” ಎಂದಳು.

ಗಂಗವ್ವ ಅವಳ ಕಡೆ ತಿರುಗಿ ಕುಳಿತಳು. ಆಮೇಲೆ ಸೀರೆ ಬಿಚ್ಚಿ, ನಮ್ಮನ್ನೆಲ್ಲ ಮರೆತು, ಆ ಹುಡುಗಿಗೊಬ್ಬಳಿಗೇ ಹೇಳಿದಳು: “ನೀ ಸೆರಗ ಹಿಡಕೊಂಡ ಬಿಡಲಿಲ್ಲ. ಹೊರಗ ಬಸ್ ಬಂದ ನಿಂತಿತ್ತು. ನಿನ್ನ ಮುಷ್ಟಿ ಬಿಡಸಾಕ ಮನಸಾಗಲಿಲ್ಲ ಆಕಿಗೆ. ಸೀರಿನ ಬಿಚ್ಚಿ ನಿನ್ನ ಕೈಯಾಗ ಬಿಟ್ಟು, ನಂದೊಂದು ಉಟಗೊಂಡು ಹೋದ್ಲು.”

“ಹೂಂ,” ಎಂದಳು ರೇಣುಕಾ. ಕೋಲು ಅಲುಗಲಿಲ್ಲ. ಮುಂದಿನ ಹೂಂಗಳನ್ನು ನಾನು ಎಣಿಸಲಿಲ್ಲ, ಕಣ್ಣು ಒರೆಸಿಕೊಳ್ಳುವುದಿತ್ತು.

ಹುಡುಗಿ ಆಮೇಲೆ ವಾರಗಟ್ಟಲೆ ಕುಳಿತು ಧ್ವನಿಯಿಂದ ಟ್ರ್ಯಾಕ್ಟರನ್ನು ತೆಗೆದಳು, ಕೋಳಿಯನ್ನು ತೆಗೆದಳು, ನನ್ನ ನಲವತ್ತೊಂದನ್ನೂ ಒಂದೂ ಉಳಿಯದಂತೆ ತೆಗೆದಳು. ತನ್ನವನ್ನು ಮಾತ್ರ ಹಾಗೆಯೇ ಬಿಟ್ಟಳು. ಚಿತ್ರೀಕರಿಸುವವರ ದನಿ ನಡುವೆ ಕೇಳಿಬರುತ್ತದೆ, ಇದು ಅಜಾಗರೂಕ ಕೆಲಸ ಎಂದು ಸ್ಪರ್ಧೆಯ ತೀರ್ಪುಗಾರರು ಬರೆದು ಕಳಿಸಿದರು, ಬಹುಮಾನ ಬರಲಿಲ್ಲ. ತಂಡದ ನಾಲ್ವರು ಎರಡು ದಿನ ಮುಖ ಸಪ್ಪಗೆ ಮಾಡಿಕೊಂಡಿದ್ದರು. ರೇಣುಕಾ ಆ ಕೌದಿ ಹೊದ್ದು ಮಲಗುತ್ತಾಳೆ ಎಂದು ಕೇಳಿದ್ದೇನೆ.

ಮೊನ್ನೆ ಹೆಂಡತಿ ಮತ್ತೆ ಸವದತ್ತಿಯಿಂದ ಫೋನು ಮಾಡಿದ್ದಳು. ನಾನು ಪತ್ರಿಕೆ ಕೆಳಗಿಟ್ಟು ಹೂಂಗುಟ್ಟಿದೆ. ಅರ್ಧ ತಾಸಿನ ಬಳಿಕ ಎಂದಿನ ಪರೀಕ್ಷೆ ಬಂತು. ತೀರಿಹೋದ ಅವಳ ತಾಯಿಯ ಸೀರೆಗಳನ್ನು ತಮ್ಮನ ಹೆಂಡತಿ ಒಂದು ಬೋಗುಣಿಯ ಆಸೆಗೆ, ಹಳೆ ಬಟ್ಟೆಗೆ ಪಾತ್ರೆ ಕೊಡುವವಳಿಗೆ ಹಾಕುತ್ತಿದ್ದಳೆಂದೂ, ಇವಳು ಜಗಳವಾಡದೆ ಅವುಗಳಲ್ಲೊಂದನ್ನು ಮೆಲ್ಲಗೆ ಎತ್ತಿಟ್ಟುಕೊಂಡಳೆಂದೂ ನಾನು ಒಪ್ಪಿಸಿದೆ.

“ಕೆಂಪಂಚಿಂದು,” ಎಂದೆ. “ನಮ್ಮ ಲಗ್ನದಾಗ ಅವರು ಉಟ್ಟಿದ್ದು.”

ಆ ಕಡೆಯಿಂದ ಅವಳು, “ಹೂಂ,” ಎಂದಳು.