ನೀಲಕಂಠಸ್ವಾಮಿಗಳು ಹೊಳೆ ದಾಟಿದ್ದು

ಕೃಷ್ಣರಾಜನಗರದಲ್ಲಿ ನಾನು ಲೆಕ್ಕದ ಮೇಷ್ಟ್ರು, ನೀಲಕಂಠಸ್ವಾಮಿಗಳು ಸಂಸ್ಕೃತದ ಪಂಡಿತರು. ಅವರಿಗೆ ನೀರೆಂದರೆ ಪ್ರಾಣಭಯ. ಚಿಕ್ಕಂದಿನಲ್ಲಿ ಹರಿಗೋಲು ಮಗುಚಿ ಅವರಣ್ಣ ಕಣ್ಣೆದುರೇ ಕಾವೇರಿಯ ಪಾಲಾಗಿದ್ದ. ಅಂದಿನಿಂದ ಅವರು ಹೊಳೆಗೆ ಕಾಲಿಟ್ಟವರಲ್ಲ. ಒಬ್ಬಳೇ ಮಗಳು ಮಂಗಳಗೌರಿಯನ್ನು ಆಚೆದಡದ ಹಳ್ಳಿಗೆ ಕೊಟ್ಟಿದ್ದರು. ಕೂಗಿದರೆ ಕೇಳುವಷ್ಟು ಹತ್ತಿರ, ಈ ಮಹಾರಾಯರು ಮಾತ್ರ ಗಾಡಿ ಕಟ್ಟಿಸಿಕೊಂಡು ದೂರದ ಸೇತುವೆ ಬಳಸಿ ದಿನವಿಡೀ ಸುತ್ತಿ ಹೋಗುತ್ತಿದ್ದರು!

ವಿಮಾನವೆಂದರೆ ಮಾತ್ರ ಅವರಿಗೆ ಪಂಚಪ್ರಾಣ. ಸದ್ದು ಕೇಳಿದರೆ ಸಾಕು, ಪಾಠ ಬಿಟ್ಟು ಅಂಗಳಕ್ಕೆ ಓಡುತ್ತಿದ್ದರು. ಐವತ್ತೈದನೇ ಇಸವಿಯಲ್ಲಿ ಶಾಲೆಗೆ ದಪ್ಪನೆಯ ಇಂಗ್ಲಿಷ್ ನಿಘಂಟು ಬಂದಾಗ ಮೊದಲು ಹುಡುಕಿದ್ದು ‘ಫ್ಲೈ’ ಎಂಬ ಮಾತಿನ ಹುಟ್ಟನ್ನು. ಪುಟದ ಮೇಲೆ ಬೆರಳಿಟ್ಟು ಹಾಗೇ ಕೂತುಬಿಟ್ಟರು.

“ಇಲ್ನೋಡಿ ಮೇಷ್ಟ್ರೇ, ಮೈ ಜುಮ್ ಅಂತದೆ! ಇದರ ಬೇರೂ ನಮ್ಮ ‘ಪ್ಲವ’ದ ಬೇರೂ ಒಂದೇ. ಪ್ಲವ ಅಂದ್ರೆ ತೆಪ್ಪ ಕಣ್ರೀ! ಸಾವಿರಾರು ವರ್ಷದ ಹಿಂದೆ ಯಾರೋ ಪುಣ್ಯಾತ್ಮರು ತೇಲೋದಕ್ಕೆ ಆಡ್ತಿದ್ದ ಮಾತು. ನಮ್ಮ ಕಡೆ ನೀರಲ್ಲೇ ಉಳೀತು, ಅವರ ಕಡೆ ಆಕಾಶಕ್ಕೆ ಏರ್ತು. ಒಂದೇ ತಾಯಿ ಮಕ್ಕಳು!”

“ಹಾಗಾದ್ರೆ ಹರಿಗೋಲಿಗೂ ವಿಮಾನಕ್ಕೂ ನೆಂಟಸ್ತನ ಅನ್ನಿ. ಹತ್ತಿ ಮತ್ತೆ!” ಎಂದೆ. ಅವರ ಮುಖ ಬಾಡಿತು.

ಆ ಆಷಾಢದಲ್ಲಿ ಆಚೆದಡದಿಂದ ಸುದ್ದಿ ಬಂತು. ಮಂಗಳಗೌರಿಗೆ ಹೆರಿಗೆ ಕಷ್ಟವಾಗಿದೆ, ಅಪ್ಪಾಜಿ ಅಪ್ಪಾಜಿ ಎಂದು ಕೂಗುತ್ತಿದ್ದಾಳೆ. ತಾಯಿಯಿಲ್ಲದ ಹುಡುಗಿ, ಅಯ್ಯೋ ಪಾಪ. ಗಾಡಿ ಕಟ್ಟಿದರೆ ಸಂಜೆಯಾಗುತ್ತದೆ, ಅಷ್ಟು ಹೊತ್ತಿಗೆ ಏನಾಗಿರುತ್ತದೋ. ಸ್ವಾಮಿಗಳು ಹೊಳೆಯ ಕಡೆಗೇ ಓಡಿದರು, ನಾನೂ ಹಿಂದೆ ಓಡಿದೆ. ನೀರು ಕೆಂಪಗೆ ಉಬ್ಬಿತ್ತು.

“ನಿಮ್ ಕೈಲಿ ಆಗಾಕಿಲ್ಲ ಬುಡಿ ಅಯ್ನೋರೆ,” ಎಂದ ಅಂಬಿಗ ಸಣ್ಣಬೀರಯ್ಯ.

ಸ್ವಾಮಿಗಳು ನನ್ನ ಕೈ ಹಿಡಿದು ಹರಿಗೋಲು ಹತ್ತಿದರು. ಅವರ ಉಗುರು ನನ್ನ ಚರ್ಮಕ್ಕೆ ನಾಟಿತು. ಕಣ್ಣು ಮುಚ್ಚಿ ‘ಶಿವಶಿವಾ’ ಎನ್ನುತ್ತಿದ್ದವರು ನಡುಹೊಳೆಯಲ್ಲಿ ಮೆಲ್ಲಗೆ ಕಣ್ಣು ಬಿಟ್ಟರು. ಕೆಳಗೆ ನೆಲವಿಲ್ಲ, ಆದರೂ ನಾವು ಬೀಳುತ್ತಿಲ್ಲ. ಆ ಮುಖದಲ್ಲಿದ್ದ ಬೆರಗನ್ನು ನಾನು ಇನ್ನೆಲ್ಲೂ ಕಂಡಿಲ್ಲ.

“ಮೇಷ್ಟ್ರೇ, ಹಾರ್ತಾ ಇದೀವಿ ಕಣ್ರೀ!”

“ಸುಮ್ಕೆ ಕೂತ್ಕಳಿ ಸಾಮಿ, ಮೊದ್ಲು ದಡ ಮುಟ್ಟಾನ,” ಎಂದು ಸಣ್ಣಬೀರಯ್ಯ ಗದರಿದ.

ನಾವು ಹೋಗುವಷ್ಟರಲ್ಲಿ ಹೆಣ್ಣುಮಗು ಹುಟ್ಟಿತ್ತು. ಮಂಗಳಗೌರಿಯ ಅತ್ತೆ ಕೂಸನ್ನು ತೋರಿಸಲು ಬಾಗಿಲಿಗೇ ತಂದರು. ಒಳಗೆ ಮಲಗಿದ್ದ ಬಾಣಂತಿ ಮಾತ್ರ ಅಪ್ಪನ ಒದ್ದೆ ಪಂಚೆಯನ್ನೇ ನೋಡುತ್ತಿದ್ದಳು.

“ಅಪ್ಪಾಜಿ, ಹೊಳೆ ಮೇಲೆ ಬಂದ್ರಾ?” ಎಂದವಳೇ ಬಿಕ್ಕಿಬಿಕ್ಕಿ ಅತ್ತಳು. ಹೆರಿಗೆಯ ನೋವಿಗೂ ಅವಳು ಹಾಗೆ ಅತ್ತಿರಲಾರಳು.